ದೂರದ ಪ್ರಯಾಣವೂ ದೇಹದ ಗಡಿಯಾರವೂ

ಹೊನ್ನಾಳಿಯ ತರುಣನೊಬ್ಬನು ಕ್ಯಾಲಿಫೋರ್ನಿಯದಲ್ಲಿ ಉದ್ಯೋಗದಲ್ಲಿದ್ದು, ಜನವರಿಯಲ್ಲಿ ಮೂರು ವಾರಗಳ ರಜೆ ಪಡೆದು ಊರಿಗೆ ಬಂದಿದ್ದಾನೆಂದು ಭಾವಿಸೋಣ. ಎರಡು ವರ್ಷಗಳಿಂದ ಮಗನ ಮುಖವನ್ನು ಕಾಣದಿದ್ದ ತಾಯಿ ರೊಟ್ಟಿ ಮಾಡಿ ಬಡಿಸುತ್ತಾಳೆ. ಅವನು ತಟ್ಟೆಯ ಮುಂದೆಯೇ ತೂಕಡಿಸುತ್ತಾನೆ. ಮನೆಯವರೆಲ್ಲರೂ ಮಲಗಿದ ಮೇಲೆ, ರಾತ್ರಿ ಎರಡು ಗಂಟೆಗೆ, ಹಸಿವಾಗಿ ಅಡಿಗೆಮನೆಯ ಡಬ್ಬಿಗಳನ್ನು ತಡಕುತ್ತಾನೆ. ಪ್ರಯಾಣದ ಆಯಾಸವೆಂದು ಎಲ್ಲರೂ ಹೇಳುತ್ತಾರೆ. ಆದರೆ ಆಯಾಸವು ಒಂದೆರಡು ರಾತ್ರಿಯ ನಿದ್ರೆಯಿಂದ ತೀರಬೇಕು. ಇದು ಒಂದು ವಾರವಾದರೂ ತೀರದು. ರಜೆಯ ಮೂರರಲ್ಲೊಂದು ಪಾಲು ಹೀಗೆ ಕಳೆದುಹೋದರೆ ನಷ್ಟವು ಅವನೊಬ್ಬನದೇ ಅಲ್ಲ, ಅವನಿಗಾಗಿ ದಿನವೆಣಿಸುತ್ತಿದ್ದ ವೃದ್ಧರದೂ ಹೌದು.

ಈ ತೊಂದರೆಗೆ ದೂರವು ಕಾರಣವಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಿಂದ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿಗೆ ಸುಮಾರು 9,500 ಕಿ.ಮೀ. ದೂರ. ಚಳಿಗಾಲದಲ್ಲಿ ಎರಡು ಊರುಗಳ ಗಡಿಯಾರಗಳೂ ಒಂದೇ ವೇಳೆಯನ್ನು ತೋರಿಸುತ್ತವೆ. ಅಲ್ಲಿಗೆ ಹಾರಿದವನ ಬೆನ್ನು ನೋಯಬಹುದು, ವಿಮಾನದೊಳಗಿನ ಒಣಗಾಳಿಯಿಂದ ಗಂಟಲು ಆರಬಹುದು. ಆದರೆ ಹಗಲು ರಾತ್ರಿಗಳು ಅದಲುಬದಲಾಗುವುದಿಲ್ಲ. ರೇಖಾಂಶಗಳನ್ನು ದಾಟಿದಾಗ ಮಾತ್ರವೇ ಈ ಕಷ್ಟ. ಭೂಮಿಯು ಗಂಟೆಗೆ 15 ಡಿಗ್ರಿಯಂತೆ ತಿರುಗುವುದರಿಂದ, ಪ್ರತಿ 15 ಡಿಗ್ರಿ ರೇಖಾಂಶಕ್ಕೆ ಸೂರ್ಯನ ವೇಳೆ ಒಂದು ಗಂಟೆ ವ್ಯತ್ಯಾಸವಾಗುತ್ತದೆ. ಹಡಗಿನ ಕಾಲದಲ್ಲಿ ಪ್ರಯಾಣಿಕನು ಈ ಅಂತರವನ್ನು ವಾರಗಟ್ಟಲೆ ಸಮಯದಲ್ಲಿ ಕ್ರಮಿಸುತ್ತಿದ್ದನು. ದೇಹವು ದಿನಕ್ಕಿಷ್ಟರಂತೆ ಹೊಂದಿಕೊಳ್ಳುತ್ತಿತ್ತು. ಜೆಟ್ ವಿಮಾನವು ಆ ಅವಕಾಶವನ್ನು ಕೊಡುವುದಿಲ್ಲ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂದಿತು. ಅದನ್ನು ನಡೆಸಿದವರೆಲ್ಲರೂ ಮಹಿಳಾ ಪೈಲಟ್‌ಗಳು. ಸುಮಾರು 14,000 ಕಿ.ಮೀ. ಹಾದಿ, ಸುಮಾರು 17 ಗಂಟೆ ಹಾರಾಟ. ಶನಿವಾರ ರಾತ್ರಿ ಹೊರಟ ವಿಮಾನವು ಉತ್ತರ ಧ್ರುವ ಪ್ರದೇಶದ ಮೇಲೆ ಹಾದು ಸೋಮವಾರ ಬೆಳಗಿನ ಜಾವ ಇಳಿಯಿತು. ಇಷ್ಟು ಸುತ್ತೇಕೆ ಎಂದು ನಕ್ಷೆಯನ್ನು ನೋಡಿದವರು ಕೇಳಬಹುದು. ಕಾಗದದ ನಕ್ಷೆಯನ್ನು ಬಿಟ್ಟು, ನಿಮ್ಮ ಕಾಲೇಜಿನ ಭೂಗೋಲದ ಮೇಲೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರವು ತಾನಾಗಿಯೇ ಧ್ರುವದ ಕಡೆಗೆ ಸರಿಯುವುದನ್ನು ಕಾಣುವಿರಿ; ಗೋಲದ ಮೇಲೆ ಅದೇ ಅತ್ಯಂತ ಸಮೀಪದ ದಾರಿ. ಧ್ರುವದಲ್ಲಿ ರೇಖಾಂಶಗಳೆಲ್ಲವೂ ಒಂದೇ ಬಿಂದುವಿನಲ್ಲಿ ಸೇರುವುದರಿಂದ, ಅಲ್ಲಿ ಗಂಟೆ ಎಷ್ಟು ಎಂಬ ಪ್ರಶ್ನೆಗೆ ಸೂರ್ಯನು ಉತ್ತರ ಕೊಡಲಾರನು.

ಇಳಿದವನ ಕೈಗಡಿಯಾರವನ್ನು ಹದಿಮೂರೂವರೆ ಗಂಟೆ ಮುಂದಕ್ಕೆ ತಿರುಗಿಸಲು ಅರ್ಧ ನಿಮಿಷ ಸಾಕು. ಒಳಗಿರುವ ಗಡಿಯಾರದ ಮಾತು ಬೇರೆ.

ಒಳಗೊಂದು ಗಡಿಯಾರವಿದೆಯೆಂಬುದು ಮೊದಲು ತಿಳಿದುಬಂದದ್ದು ಮನುಷ್ಯನಿಂದಲ್ಲ, ಗಿಡದಿಂದ. ನಮ್ಮ ಬದುಗಳಲ್ಲಿ ಬೆಳೆಯುವ ಮುಟ್ಟಿದರೆ ಮುನಿಯನ್ನು ಎಲ್ಲರೂ ಬಲ್ಲರು. ಅದು ಮುಟ್ಟಿದಾಗ ಮಾತ್ರವಲ್ಲದೆ ರಾತ್ರಿಯಲ್ಲಿಯೂ ಎಲೆ ಮಡಚುತ್ತದೆ. 1729ರಲ್ಲಿ ಫ್ರಾನ್ಸಿನ ಡ ಮೇರಾನ್ ಎಂಬ ವಿದ್ವಾಂಸನು ಈ ಬಗೆಯ ನಾಚುವ ಗಿಡವೊಂದನ್ನು ಕತ್ತಲೆಯಲ್ಲಿಟ್ಟನು. ಸೂರ್ಯನ ಸುಳಿವೇ ಇಲ್ಲದಿದ್ದರೂ ಹಗಲಿನ ವೇಳೆಗೆ ಎಲೆಗಳು ಅರಳಿದವು! ಮನುಷ್ಯರ ಮೇಲೂ ಇಂಥ ಪ್ರಯೋಗಗಳು ನಡೆದಿವೆ. ಮಧುರೆ ಕಾಮರಾಜ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಎಂ. ಕೆ. ಚಂದ್ರಶೇಖರನ್ ಅವರು ಗಡಿಯಾರವೂ ಸೂರ್ಯನೂ ಕಾಣದ ಕೊಠಡಿಯಲ್ಲಿ ಸ್ವಯಂಸೇವಕರನ್ನಿರಿಸಿ ಅವರ ನಿದ್ರೆ ಎಚ್ಚರಗಳನ್ನು ಗುರುತಿಸಿದರು. 1999ರಲ್ಲಿ ಹಾರ್ವರ್ಡಿನ ವಿಜ್ಞಾನಿಗಳು ಪ್ರಕಟಿಸಿದ ಅಳತೆಯಂತೆ, ಮನುಷ್ಯನ ಒಳಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆ 11 ನಿಮಿಷ. ಅಂದರೆ ಅದು ಸ್ವಲ್ಪ ನಿಧಾನ. ಆದುದರಿಂದಲೇ ಬಹುಮಂದಿಗೆ ಪಶ್ಚಿಮಕ್ಕೆ ಹೋಗಿ ತಡವಾಗಿ ಮಲಗುವುದು ಸುಲಭ. ಪೂರ್ವಕ್ಕೆ ಬಂದು ಬೇಗ ಮಲಗುವುದು ಕಷ್ಟ.

ಮುಖ್ಯ ಗಡಿಯಾರವಿರುವುದು ಮೆದುಳಿನ ತಳದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲೆ, ಸುಮಾರು 20,000 ನರಕೋಶಗಳ ಸಣ್ಣ ಗುಂಪಿನಲ್ಲಿ. ಅದರ ಓಟದ ಗುಟ್ಟನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಅವರಿಗೆ 2017ರ ನೊಬೆಲ್ ಬಹುಮಾನ ಬಂದಿತು. ಒಂದು ಜೀನ್ ಒಂದು ಪ್ರೋಟೀನನ್ನು ಮಾಡಿಸುತ್ತದೆ. ಆ ಪ್ರೋಟೀನು ಸಾಕಷ್ಟು ಶೇಖರವಾದಾಗ ತನ್ನನ್ನು ಹುಟ್ಟಿಸಿದ ಜೀನನ್ನೇ ತಡೆಯುತ್ತದೆ. ಕ್ರಮೇಣ ಅದು ಕರಗಿಹೋದ ಮೇಲೆ ಜೀನು ಮತ್ತೆ ಕೆಲಸಕ್ಕೆ ತೊಡಗುತ್ತದೆ. ಈ ಒಂದು ಆವರ್ತನಕ್ಕೆ ಹಿಡಿಯುವ ಕಾಲವು ಹೆಚ್ಚುಕಡಮೆ ಒಂದು ದಿನ.

ಭೌತಶಾಸ್ತ್ರದ ವಿದ್ಯಾರ್ಥಿಗೆ ಇದು ಹೊಸದಲ್ಲ, ಇದೊಂದು ಆಂದೋಲಕ. ಆಂದೋಲಕದ ಗುಣವೇನೆಂದರೆ, ಹೊರಗಿನ ನೂಕಿನ ಪರಿಣಾಮವು ನೂಕಿದ ಗಳಿಗೆಯನ್ನು ಅವಲಂಬಿಸಿರುತ್ತದೆ. ಉಯ್ಯಾಲೆಯನ್ನು ಅದು ಸಾಗುತ್ತಿರುವ ದಿಕ್ಕಿನಲ್ಲಿಯೇ, ಕೆಳಬಿಂದುವಿಗೆ ಬರುವ ಮುನ್ನ ನೂಕಿದರೆ ತೂಗಾಟವು ತುಸು ಮುಂದಾಗುತ್ತದೆ. ಕೆಳಬಿಂದುವನ್ನು ದಾಟಿದ ಮೇಲೆ ನೂಕಿದರೆ ತುಸು ಹಿಂದಾಗುತ್ತದೆ. ದೇಹದ ಗಡಿಯಾರಕ್ಕೂ ಒಂದು ಕೆಳಬಿಂದುವುಂಟು: ಮೈಯ ಉಷ್ಣತೆ ಅತ್ಯಂತ ಕಡಮೆಯಾಗುವ ವೇಳೆ, ಸಾಮಾನ್ಯವಾಗಿ ಬೆಳಗಿನ ಜಾವದ ನಾಲ್ಕೈದು ಗಂಟೆ. ಅದನ್ನು ನೂಕುವ ಕೈ ಬೆಳಕು. ಇಲ್ಲಿ ಮಾತ್ರ ಲೆಕ್ಕ ಉಯ್ಯಾಲೆಗೆ ವಿರುದ್ಧ. ಕೆಳಬಿಂದುವಿನ ಮುಂಚಿನ ಕೆಲವು ಗಂಟೆಗಳಲ್ಲಿ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ಸರಿಸುತ್ತದೆ. ಅನಂತರದ ಕೆಲವು ಗಂಟೆಗಳಲ್ಲಿ ಬಿದ್ದದ್ದು ಮುಂದಕ್ಕೆ.

ಲಂಡನ್ನಿನಿಂದ ಚಳಿಗಾಲದಲ್ಲಿ ಬಂದವಳನ್ನು ತೆಗೆದುಕೊಳ್ಳಿ. ಅಂತರ ಐದೂವರೆ ಗಂಟೆ. ಅವಳ ಕೆಳಬಿಂದು ಅಲ್ಲಿಯ ನಾಲ್ಕೂವರೆ, ಅಂದರೆ ಇಲ್ಲಿಯ ಬೆಳಗಿನ ಹತ್ತು. ಕೋಳಿ ಕೂಗುವಾಗ ಎದ್ದು ಹೊಲದ ಕಡೆ ಒಂದು ಸುತ್ತು ಹೋಗಿ ಬಾ, ಎಲ್ಲ ಸರಿಹೋಗುತ್ತದೆ ಎಂದು ಅಜ್ಜಿ ಹೇಳಿದರೆ, ಮೊದಲ ದಿನ ಆ ಮಾತನ್ನು ಕೇಳದಿರುವುದೇ ಲೇಸು! ಏಳು ಗಂಟೆಯ ಎಳೆಬಿಸಿಲು ಅವಳ ಗಡಿಯಾರವನ್ನು ಇನ್ನೂ ಲಂಡನ್ನಿನಾಚೆಗೆ ನೂಕೀತು. ಅವಳು ಹತ್ತರ ಮೇಲೆ ಹೊರಡಲಿ, ಮರುದಿನ ಒಂಬತ್ತಕ್ಕೆ, ಅದರ ಮರುದಿನ ಎಂಟಕ್ಕೆ. ನಾಲ್ಕೈದು ದಿನಗಳಲ್ಲಿ ಅಜ್ಜಿಯ ಮಾತೇ ಸರಿಯಾಗುತ್ತದೆ.

ನಮ್ಮ ಕ್ಯಾಲಿಫೋರ್ನಿಯದ ತರುಣನಿಗೆ ಲೆಕ್ಕ ಬೇರೆ. ಹದಿಮೂರೂವರೆ ಗಂಟೆ ಮುಂದಕ್ಕೆ ಸರಿಯುವುದೂ ಹತ್ತೂವರೆ ಗಂಟೆ ಹಿಂದಕ್ಕೆ ಸರಿಯುವುದೂ ಒಂದೇ. ಗಡಿಯಾರವು ಸ್ವಭಾವತಃ ನಿಧಾನವಾದುದರಿಂದ ಹಿಂದಕ್ಕೆ ಸರಿಯುವುದೇ ಸುಲಭ. ದಿನಕ್ಕೆ ಸುಮಾರು ಒಂದೂವರೆ ಗಂಟೆಯಂತೆ ಏಳು ದಿನ. ಅವನ ಕೆಳಬಿಂದು ಇಲ್ಲಿಯ ಸಂಜೆ ಆರರ ಆಸುಪಾಸು. ಆದುದರಿಂದ ಮೊದಲ ದಿನ ಮೂರರಿಂದ ಐದು ಗಂಟೆಯವರೆಗೆ, ಅನಂತರದ ದಿನಗಳಲ್ಲಿ ಸೂರ್ಯ ಮುಳುಗುವವರೆಗೆ ಅವನು ಬಯಲಿನಲ್ಲಿರಬೇಕು. ಅದೇ ವೇಳೆಯಲ್ಲಿ ಅವನಿಗೆ ನಿದ್ರೆ ಒತ್ತರಿಸಿ ಬರುತ್ತದೆ. ಮಲಗಿದನೋ, ಆ ದಿನದ ನೂಕು ತಪ್ಪಿತು.

ಬಯಲೇ ಏಕೆ? ರಾತ್ರಿ ದೀಪ ಹಾಕಿದ ನಡುಮನೆಯಲ್ಲಿ ಬೆಳಕು ನೂರಿನ್ನೂರು ಲಕ್ಸ್. ಮೋಡ ಕವಿದ ಹಗಲಿನಲ್ಲಿಯೂ ಹೊರಗೆ ಹತ್ತು ಸಾವಿರದಷ್ಟಿರಬಹುದು. ನಡುಹಗಲ ಬಿಸಿಲಿನಲ್ಲಿ ಒಂದು ಲಕ್ಷ. ಕಣ್ಣು ಎಲ್ಲಕ್ಕೂ ಹೊಂದಿಕೊಳ್ಳುವುದರಿಂದ ಈ ಅಗಾಧ ವ್ಯತ್ಯಾಸವು ನಮ್ಮ ಗಮನಕ್ಕೆ ಬಾರದು. ಆದರೆ ಅಕ್ಷಿಪಟಲದಲ್ಲಿ, ನೋಟಕ್ಕೆ ಬೇಕಾದ ಕೋಶಗಳಲ್ಲದೆ, ಬೆಳಕಿನ ಮೊತ್ತವನ್ನೇ ಅಳೆದು ಗಡಿಯಾರಕ್ಕೆ ತಿಳಿಸುವ ಬೇರೆ ಕೋಶಗಳಿವೆಯೆಂದು 2002ರಲ್ಲಿ ತೋರಿಸಲಾಯಿತು. ಇವು ಆಕಾಶದ ನೀಲಿಗೆ ಹೆಚ್ಚಾಗಿ ಸ್ಪಂದಿಸುತ್ತವೆ. ಹೊನ್ನಾಳಿಯಲ್ಲಿ ಇದಕ್ಕೆ ಕೊರತೆಯೇನು? ತುಂಗಭದ್ರೆಯ ದಂಡೆಯಿದೆ, ನಾಲೆಯ ಏರಿಯಿದೆ, ಗದ್ದೆಯ ಬದುವಿದೆ. ಅಡಿಕೆಯ ತೋಟ ತಂಪಾದರೂ ಅಲ್ಲಿ ಆಕಾಶ ಕಾಣುವುದು ಸ್ವಲ್ಪವೇ. ಆ ಸುತ್ತಾಟವನ್ನು ಎರಡನೆಯ ವಾರಕ್ಕೆ ಇಟ್ಟುಕೊಳ್ಳಬಹುದು. ಸೂರ್ಯನನ್ನು ನೇರವಾಗಿ ದಿಟ್ಟಿಸಬೇಕಾದ ಅಗತ್ಯ ಎಂದಿಗೂ ಇಲ್ಲ.

ಇನ್ನೊಂದು ಎಚ್ಚರಿಕೆ. ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದಾಗ ಈ ತರುಣನ ದೇಹಕ್ಕೆ ಮಧ್ಯಾಹ್ನ. ಆತನು ಬಲು ಚುರುಕಾಗಿರುತ್ತಾನೆ. ಹೊನ್ನಾಳಿಗೆ ಮುನ್ನೂರು ಕಿಲೋಮೀಟರಿನಷ್ಟು ದಾರಿ. ನಗರದಲ್ಲಿ ನೆಂಟರನ್ನು ಕಂಡು, ಊಟ ಮುಗಿಸಿ, ಮಧ್ಯಾಹ್ನ ತಾನೇ ಕಾರು ನಡೆಸಿಕೊಂಡು ಹೊರಟರೆ, ದಾವಣಗೆರೆಯ ಸಮೀಪಕ್ಕೆ ಬರುವಷ್ಟರಲ್ಲಿ ಅವನ ದೇಹದಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಯಾಗಿರುತ್ತದೆ. ಆ ದಿನ ಚಕ್ರವನ್ನು ಬೇರೆಯವರ ಕೈಗೆ ಕೊಡಬೇಕು.