ಕುರುಳಿನ ತುದಿ

ತರೀಕೆರೆಗೆ ಸಮೀಪದ ಅಮೃತಾಪುರಕ್ಕೆ ಬರುವ ಪ್ರವಾಸಿಗಳು ಅಮೃತೇಶ್ವರ ದೇವಾಲಯದ ಮಂಟಪದೊಳಗೆ ಕಾಲಿಟ್ಟೊಡನೆ ಅಲ್ಲಿನ ನುಣುಪು ಕಂಬಗಳಿಗೆ ಮಾರುಹೋಗುತ್ತಾರೆ. ಹೊಯ್ಸಳ ಚಕ್ರವರ್ತಿ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾಗಿದ್ದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಗುಡಿ ಅದು. ಹೊರಗೋಡೆಯ ಮೇಲೆ ಒಂದು ಕಡೆ ರಾಮಾಯಣ, ಇನ್ನೊಂದು ಕಡೆ ಕೃಷ್ಣಲೀಲೆ ಮತ್ತು ಮಹಾಭಾರತ; ಒಟ್ಟು 140 ಫಲಕಗಳಲ್ಲಿ ಕಥೆ ಹರಿದುಹೋಗಿದೆ. ಆದರೆ ಕಥೆಯನ್ನು ಬದಿಗಿಟ್ಟು ಕೆತ್ತನೆಯ ಸೂಕ್ಷ್ಮವನ್ನೇ ಗಮನಿಸುವವರಿಗೆ ಇನ್ನೊಂದು ವಿಷಯ ಹೊಳೆಯದಿರದು. ಹೊಯ್ಸಳ ಶಿಲ್ಪಿಗೆ ನೇರ ಗೆರೆಗಿಂತ ಸುರುಳಿಯ ಮೇಲೆಯೇ ಮೋಹ ಹೆಚ್ಚು. ಬಳ್ಳಿಯೆಂದರೆ ಸುರುಳಿ, ಮಕರದ ಬಾಲವೆಂದರೆ ಸುರುಳಿ, ಸಿಂಹದ ಕೇಸರವೆಂದರೆ ಸುರುಳಿಗಳ ಸಾಲು. ಎಂಟು ನೂರು ವರ್ಷಗಳಿಗೂ ಹೆಚ್ಚು ಕಾಲ ಬಿಸಿಲು ಮಳೆಗಳಿಗೆ ಮೈಯೊಡ್ಡಿದ ಬಳಪದ ಕಲ್ಲಿನ ಆ ಕುರುಳುಗಳಿಗೆ ಎಣ್ಣೆಯ ಚಿಂತೆಯಿಲ್ಲ, ಬಾಚಣಿಗೆಯ ಭಯವಿಲ್ಲ.

ಜೀವಂತ ತಲೆಯ ಮೇಲಿನ ಕುರುಳಿನ ಪಾಡು ಬೇರೆ. ಅದು ಒಣಗುತ್ತದೆ, ತುದಿಯಲ್ಲಿ ಒರಟಾಗುತ್ತದೆ, ಕೊನೆಗೆ ಹಾವಿನ ನಾಲಗೆಯಂತೆ ಎರಡಾಗಿ ಸೀಳುತ್ತದೆ.

ಕನ್ನಡಿಗರು ಕೂದಲಿನ ವಿಷಯದಲ್ಲಿ ಶಬ್ದದರಿದ್ರರಲ್ಲ. ಕುರುಳು, ಮುಂಗುರುಳು, ಗುಂಗುರು, ಹೆರಳು, ಜಡೆ, ಮುಡಿ, ತುರುಬು, ಸೋರ್ಮುಡಿ - ಒಂದೊಂದಕ್ಕೂ ಒಂದೊಂದು ಛಾಯೆಯುಂಟು. ಸಂಸ್ಕೃತದಿಂದ ಬಂದ ‘ಕುಂತಲ’ವಂತೂ ಕೇಶಕ್ಕೂ ಹೆಸರು, ಪ್ರಾಚೀನ ಕನ್ನಡನಾಡಿನ ಒಂದು ಭಾಗಕ್ಕೂ ಹೆಸರು. ಹಳಗನ್ನಡದ ಕವಿಗಳು ನಾಯಿಕೆಗೆ ಕರಿಯ, ಕೊಂಕಾದ, ದಟ್ಟವಾದ ಕುರುಳನ್ನೇ ಕೊಟ್ಟರು. ಇಷ್ಟು ಸಿರಿವಂತಿಕೆಯ ಭಾಷೆಯನ್ನಾಡುವ ಮನೆಗಳಲ್ಲಿಯೇ ಇಂದು ಗುಂಗುರು ಕೂದಲಿನ ಹುಡುಗಿಗೆ “ಇದೇನೇ ಇದು, ಕಾಗೆ ಗೂಡು!” ಎಂಬ ಮಾತು ಕೇಳಿಬರುವುದು ವಿಚಿತ್ರವಲ್ಲವೆ?

ಅಮೃತಾಪುರದಂತಹ ಊರಿನಲ್ಲಿ ಒಂದು ಮನೆಯಿದೆಯೆಂದು ವಾಚಕರು ಭಾವಿಸಿಕೊಳ್ಳಲಿ. ಹಿತ್ತಲಲ್ಲಿ ನಾಲ್ಕು ತೆಂಗಿನ ಮರ, ಬಾವಿಯ ಬಳಿ ಒಂದು ಕೆಂಪು ದಾಸವಾಳದ ಗಿಡ. ಮನೆಯ ಮೊಮ್ಮಗಳು ತರೀಕೆರೆಯ ಕಾಲೇಜಿಗೆ ಹೋಗಿಬರುವವಳು. ಸೊಂಟದವರೆಗಿನ ಗುಂಗುರು ಜಡೆಯವಳು. ಮುಂದಿನ ತಿಂಗಳು ಅಕ್ಕನ ಮದುವೆ. ತುದಿಗಳೆಲ್ಲ ಕವಲೊಡೆದು ಪೊರಕೆಯಂತಾಗಿರುವ ಜಡೆಯನ್ನು ಕನ್ನಡಿಯಲ್ಲಿ ನೋಡಿಕೊಂಡು, ಪೇಟೆಯ ಬ್ಯೂಟಿ ಪಾರ್ಲರಿಗೆ ಹೋಗಿ ಕೂದಲನ್ನೆಲ್ಲ ನೆಟ್ಟಗೆ ಮಾಡಿಸಿಕೊಂಡು ಬರುವೆನೆಂದು ಅವಳ ಹಟ. “ಎಣ್ಣೆ ಹಾಕಿದ್ರೆ ಎಲ್ಲಾ ಸರಿಹೋಗುತ್ತೆ, ಸುಮ್ನಿರು ಮಗಾ” ಎಂದು ಅಜ್ಜಿಯ ಸಮಾಧಾನ. ಇಬ್ಬರಲ್ಲಿ ಯಾರ ಮಾತು ಸರಿ? ನಿಜವನ್ನು ಹೇಳಬೇಕೆಂದರೆ, ಇಬ್ಬರದೂ ಅರ್ಧ ಸರಿ, ಅರ್ಧ ತಪ್ಪು.

ಮೊದಲು ಕೂದಲಿನ ವಯಸ್ಸನ್ನು ತಿಳಿಯಬೇಕು. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಆ ಲೆಕ್ಕದಲ್ಲಿ ಎಪ್ಪತ್ತೈದು ಸೆಂಟಿಮೀಟರು ಉದ್ದದ ಜಡೆಯ ಬುಡ ನಿನ್ನೆಯದಾದರೆ, ತುದಿ ಐದಾರು ವರ್ಷಗಳ ಹಿಂದಿನದು. ಮೊಮ್ಮಗಳು ಹೈಸ್ಕೂಲಿನ ಮೊದಲ ತರಗತಿಗಳಲ್ಲಿದ್ದಾಗ ಹುಟ್ಟಿದ ಕೂದಲು ಅದು! ಅಂದಿನಿಂದ ಇಂದಿನವರೆಗೆ ಅದು ಕಂಡ ಬಿಸಿಲೆಷ್ಟು, ಬಾಚಣಿಗೆಯ ಎಳೆತವೆಷ್ಟು, ಸೋಪಿನ ನೊರೆಯೆಷ್ಟು! ಬೇರಿನ ಆಚೆಗೆ ಕೂದಲಿನಲ್ಲಿ ಜೀವವಿಲ್ಲ. ಬೆರಳಿನ ಗಾಯ ಮಾಯುವಂತೆ ಕೂದಲಿನ ಗಾಯ ಮಾಯಲಾರದು. ತುದಿಯ ಆರೈಕೆಯ ಸಕಲ ವಿಚಾರವೂ ಈ ಒಂದು ಸಂಗತಿಯಿಂದಲೇ ಹೊರಡುತ್ತದೆ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೂದಲಿನ ಎಳೆಯ ಹೊರಮೈ ನಾಡಹೆಂಚು ಹೊದಿಸಿದ ಮಾಡಿನಂತೆ ಕಾಣುತ್ತದೆ. ತೆಳ್ಳನೆಯ ಬಿಲ್ಲೆಗಳು ಒಂದರ ಮೇಲೊಂದು ಏಳೆಂಟು ಪದರವಾಗಿ, ಬುಡದಿಂದ ತುದಿಯ ಕಡೆಗೆ ಇಳಿಜಾರಾಗಿ ಕುಳಿತಿರುತ್ತವೆ. ಅವುಗಳ ಮೇಲೆ ನೀರನ್ನು ತಡೆಯುವ ಬಹು ತೆಳುವಾದ ಕೊಬ್ಬಿನ ಲೇಪವುಂಟು. ಒಳಗಿರುವುದು ಕೆರಾಟಿನ್ ಎಂಬ ಪ್ರೋಟೀನಿನ ನಾರುಗಳ ಕಟ್ಟು. ಹೆಂಚು ಹಾರಿಹೋದ ಮಾಡಿನೊಳಗೆ ಮಳೆ ನುಗ್ಗುವಂತೆ, ಬಿಲ್ಲೆಗಳು ಸವೆದ ತುದಿಯಲ್ಲಿ ನೀರು ಬೇಗ ಒಳನುಗ್ಗುತ್ತದೆ, ಅಷ್ಟೇ ಬೇಗ ಆರಿಹೋಗುತ್ತದೆ. ಒಳಗಿನ ನಾರಿನ ಕಟ್ಟು ಬಿಚ್ಚಿಕೊಳ್ಳುತ್ತದೆ. ಅದೇ ಸೀಳು.

ಗುಂಗುರು ಕೂದಲಿಗೇ ಈ ಸಂಕಟ ಹೆಚ್ಚೇಕೆ? ಇದಕ್ಕೆ ತರೀಕೆರೆಯ ಸೀಮೆಯಲ್ಲಿಯೇ ಉಪಮಾನವುಂಟು. ಕಡೂರಿನ ಕಡೆಗೆ ಹೋಗುವ ಬಯಲುದಾರಿಯಲ್ಲಿ ಬಂಡಿ ಸಲೀಸಾಗಿ ಉರುಳುತ್ತದೆ. ಕೆಮ್ಮಣ್ಣುಗುಂಡಿಯ ಬೆಟ್ಟದ ದಾರಿಯಲ್ಲಿ ತಿರುತಿರುವಿಗೂ ತಡೆಯಬೇಕು. ನೆತ್ತಿಯ ಚರ್ಮದಲ್ಲಿರುವ ಗ್ರಂಥಿಗಳು ಸ್ರವಿಸುವ ಸಹಜವಾದ ಎಣ್ಣೆಯ ಕಥೆಯೂ ಇಷ್ಟೇ. ನೇರ ಕೂದಲಿನ ಮೇಲೆ ಅದು ಸುಲಭವಾಗಿ ಕೆಳಗಿಳಿಯುತ್ತದೆ. ಸುರುಳಿಯ ಮೇಲಾದರೋ ಅರ್ಧ ದಾರಿಯಲ್ಲಿಯೇ ನಿಂತುಬಿಡುತ್ತದೆ. ಆದುದರಿಂದ ನೆತ್ತಿ ಜಿಡ್ಡು, ತುದಿ ಬರಡು. ಅದೂ ಅಲ್ಲದೆ ಗುಂಗುರು ಎಳೆ ದುಂಡಗಿರದೆ ಚಪ್ಪಟೆಯಾಗಿರುತ್ತದೆ. ತಿರುವು ಇರುವಲ್ಲೆಲ್ಲ ಬಾಚಣಿಗೆಯ ಎಳೆತ ಹೆಚ್ಚಾಗಿ ತಾಗುತ್ತದೆ. ಇದು ರೋಗವಲ್ಲ, ದೋಷವೂ ಅಲ್ಲ, ಆಕಾರದ ಗುಣ.

ಇನ್ನು ಅಜ್ಜಿಯ ಎಣ್ಣೆಯ ವಿಚಾರ. ಇದರಲ್ಲಿ ಅವಳು ಗೆದ್ದಳೆಂದೇ ಹೇಳಬೇಕು. 2003ರಲ್ಲಿ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಎಂಬ ಭಾರತೀಯ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಈ ಮೂರನ್ನೂ ಕೂದಲಿನ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ತೊಳೆಯುವುದಕ್ಕೆ ಮುಂಚೆ ಹಚ್ಚಿದರೂ ತೊಳೆದ ಮೇಲೆ ಹಚ್ಚಿದರೂ ಕೂದಲಿನಿಂದ ಪ್ರೋಟೀನು ಸೋರಿಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿದುದು ಕೊಬ್ಬರಿ ಎಣ್ಣೆಯೊಂದೇ. ಅದರ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೇರವಾದುದು. ಕೂದಲಿನ ಒಳಗೆ ಇಳಿಯಬಲ್ಲುದು. ಉಳಿದೆರಡು ಎಣ್ಣೆಗಳು ಬಹುಮಟ್ಟಿಗೆ ಹೊರಗೇ ನಿಲ್ಲುವಂಥವು. ತೆಂಗಿನ ನಾಡಿನ ಅಜ್ಜಿಯರಿಗೆ ಅಣುವಿನ ಲೆಕ್ಕ ತಿಳಿಯದಿದ್ದರೂ ಕೈಗೆ ತಿಳಿದಿತ್ತು.

ಆದರೆ ಎಣ್ಣೆ ನೀರಲ್ಲ. ಒಣಗಿದ ತುದಿಗೆ ಎಣ್ಣೆಯನ್ನೇ ಮೇಲಿಂದ ಮೇಲೆ ಬಳಿದರೆ ಜಿಡ್ಡು ಹೆಚ್ಚೀತೇ ಹೊರತು ತೇವ ಬಾರದು. ಎಣ್ಣೆಯ ಕೆಲಸ ಎರಡು: ಸ್ನಾನಕ್ಕೆ ಮುಂಚೆ, ಕೂದಲು ಅತಿಯಾಗಿ ನೀರು ಕುಡಿದು ಉಬ್ಬದಂತೆ ಕಾಯುವುದು, ಸ್ನಾನವಾದ ಮೇಲೆ, ಒಳಗಿರುವ ತೇವ ಹಾರಿಹೋಗದಂತೆ ಮುಚ್ಚುವುದು. ಹಿಂದಿನ ರಾತ್ರಿ ಅಥವಾ ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಎರಡು ಚಮಚ ಉಗುರುಬೆಚ್ಚನೆಯ ಎಣ್ಣೆ ಸಾಕು. ಅದರಲ್ಲಿ ಮುಕ್ಕಾಲು ಪಾಲು ಜಡೆಯ ಕೊನೆಯ ಒಂದು ಗೇಣಿಗೆ ಸಲ್ಲತಕ್ಕದ್ದು. ಹೆಂಗಸರು ನೆತ್ತಿಗೆ ಧಾರೆಯೆರೆದು ತುದಿಗೆ ಕೈ ಒರೆಸಿಕೊಳ್ಳುವುದು ವಾಡಿಕೆ. ಗುಂಗುರು ಕೂದಲಿಗೆ ಇದು ತಲೆಕೆಳಗಾದ ಕ್ರಮ. ತೊಳೆದ ಮೇಲೆ, ತುದಿ ಇನ್ನೂ ಒದ್ದೆಯಿರುವಾಗಲೇ, ಅಂಗೈಗೆ ನಾಲ್ಕು ತೊಟ್ಟು ಸವರಿಕೊಂಡು ಸುರುಳಿಗಳನ್ನು ಮುಷ್ಟಿಯಲ್ಲಿ ಮೆಲ್ಲಗೆ ಒತ್ತಬೇಕು.

ಅಜ್ಜಿ ಸೋತದ್ದು ಬಚ್ಚಲಲ್ಲಿ. ಹಂಡೆಯ ಕುದಿನೀರು, ತರಿತರಿಯಾದ ಸೀಗೆಪುಡಿ, ಪಾತ್ರೆ ತಿಕ್ಕುವಂತೆ ಎರಡು ಕೈಯಲ್ಲಿ ಜಡೆಯನ್ನು ತಿಕ್ಕುವುದು, ಬಳಿಕ ಟವೆಲಿನಿಂದ ಪಟಪಟನೆ ಕೂದಲನ್ನು ಬಡಿಯುವುದು! ಸೀಗೆ ಒಳ್ಳೆಯದೇ, ಅದರ ಸಪೋನಿನ್ ನೊರೆ ಕೊಳೆಯನ್ನು ತೆಗೆಯುತ್ತದೆ. ಆದರೆ ಕೊಳೆಯಿರುವುದು ನೆತ್ತಿಯಲ್ಲಿ. ನಯವಾಗಿ ಜರಡಿ ಹಿಡಿದ ಪುಡಿಯನ್ನು ನೆತ್ತಿಗೆ ಮಾತ್ರ ತಿಕ್ಕಿ, ಹರಿದಿಳಿಯುವ ನೀರಿನಿಂದಲೇ ತುದಿ ತೊಳೆದುಕೊಳ್ಳುವಂತೆ ಬಿಟ್ಟರೆ ಸಾಕು. ಕೊಳವೆಬಾವಿಯ ಗಡಸು ನೀರಿರುವ ಮನೆಗಳಲ್ಲಿ ಬಟ್ಟೆ ಸೋಪನ್ನಾಗಲೀ ಮೈಸೋಪನ್ನಾಗಲೀ ತಲೆಗೆ ಮುಟ್ಟಿಸಲೇಬಾರದು. ನೀರಿನ ಸುಣ್ಣದ ಅಂಶವೂ ಸೋಪೂ ಕೂಡಿ ಬಿಳಿಯ ಕಿಟ್ಟವಾಗಿ ಎಳೆಗೆ ಅಂಟಿಕೊಳ್ಳುತ್ತದೆ. ಮೇಲಾಗಿ ಸೋಪಿನ ಕ್ಷಾರ ಹೆಂಚಿನ ಸಾಲನ್ನು ಎಬ್ಬಿಸುತ್ತದೆ. ಅಂಗಡಿಯ ಶಾಂಪೂವನ್ನೇ ಬಳಸುವವರು ಅದನ್ನು ನೆತ್ತಿಗಷ್ಟೇ ಬಳಸಿ, ಕಂಡಿಷನರನ್ನು ತುದಿಗಷ್ಟೇ ಬಳಸಿದರೆ ಫಲ ಒಂದೇ.

ಕಂಡಿಷನರಿಗೆ ಹಣವಿಲ್ಲವೆ? ಬಾವಿಯ ಬಳಿ ದಾಸವಾಳವಿದೆಯಲ್ಲ! ಎರಡು ಹಿಡಿ ಎಲೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ ಕಿವುಚಿದರೆ ಲೋಳೆ ಬಿಡುತ್ತದೆ. ಮಲೆನಾಡಿನ ಕೆಲವೆಡೆ ಇದನ್ನು ಗೊಂಪು ಎನ್ನುವುದುಂಟು. ತೆಳುಬಟ್ಟೆಯಲ್ಲಿ ಸೋಸುವುದನ್ನು ಮಾತ್ರ ಮರೆಯಬಾರದು; ಇಲ್ಲವಾದರೆ ಎಲೆಯ ಚೂರುಗಳು ಸುರುಳಿಗಳಲ್ಲಿ ಸಿಕ್ಕಿ, ಅವನ್ನು ಆಯುವುದರಲ್ಲಿಯೇ ಭಾನುವಾರ ಕಳೆದೀತು. ಈ ಲೋಳೆ ಎಳೆಯ ಮೇಲೆ ಜಾರುವ ಪೊರೆಯನ್ನು ಕೂರಿಸುತ್ತದೆ. ಗುಂಗುರು ಕೂದಲಿನ ಸಿಕ್ಕು ಬಿಡಿಸಲು ಇದೇ ತಕ್ಕ ಹೊತ್ತು. ಒದ್ದೆ ಕೂದಲು ಒಣ ಕೂದಲಿಗಿಂತ ಹೆಚ್ಚು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ ಎಂಬುದು ನಿಜ. ಆದರೆ ಲೋಳೆಯ ಜಾರಿಕೆಯಲ್ಲಿ, ಅಗಲ ಹಲ್ಲಿನ ಮರದ ಬಾಚಣಿಗೆಯಲ್ಲಿ, ತುದಿಯಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಬುಡಕ್ಕೆ ಏರಿದರೆ ಆ ಅಪಾಯ ತಪ್ಪುತ್ತದೆ. ಒಣಗಿದ ಗುಂಗುರಿಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ನೆತ್ತಿಯಿಂದ ಸರ್ರನೆ ಎಳೆಯುವುದೆಂದರೆ ಕೈಯಾರ ಕವಲು ಬಿತ್ತಿದಂತೆ.

ಟವೆಲಿಗೆ ಬದಲು ಹಳೆಯ ಪಂಚೆಯ ಮೆತ್ತನೆಯ ತುಂಡಿನಲ್ಲಿ ಒತ್ತಿ ನೀರು ತೆಗೆಯಬಹುದು. ರಾತ್ರಿ ಮಲಗುವಾಗ ದಿಂಬಿನ ಒರಸಾಟದಿಂದ ತುದಿಯನ್ನು ಕಾಯಲು ಸವೆದ ರೇಷ್ಮೆ ಸೀರೆಯ ತುಂಡಿಗಿಂತ ಮೇಲಾದುದಿಲ್ಲ. ಪಶ್ಚಿಮ ಆಫ್ರಿಕದ ಹೆಂಗಸರು ಶಿಯಾ ಮರದ ಬೀಜದ ಬೆಣ್ಣೆಯನ್ನು ತಮ್ಮ ಸುರುಳಿಗೂದಲಿಗೆ ಹಚ್ಚುವವರು. ಆಫ್ರಿಕ ಮೂಲದ ಅಮೆರಿಕದ ಹೆಂಗಸರಲ್ಲಿ ನುಣುಪು ಬಟ್ಟೆಯ ಟೊಪ್ಪಿಗೆ ಹಾಕಿಕೊಂಡು ಮಲಗುವ ರೂಢಿಯುಂಟು. ತೆಂಗಿಗೆ ಬದಲು ಶಿಯಾ, ರೇಷ್ಮೆ ಸೀರೆಗೆ ಬದಲು ಟೊಪ್ಪಿಗೆ!

ನಮ್ಮ ಹಳೆಯ ಜಡೆಕುಚ್ಚನ್ನೂ ಇಲ್ಲಿ ನೆನೆಯಬೇಕು. ಅದನ್ನು ಬರಿಯ ಅಲಂಕಾರವೆಂದು ತಿಳಿದವರೇ ಹೆಚ್ಚು. ಜಡೆಯ ಕೊನೆಯನ್ನು ನೂಲಿನ ಎಳೆಗಳೊಡನೆ ಹೆಣೆದು ಒಳಗೆ ಅಡಗಿಸಿದಾಗ, ಸೊಂಟಕ್ಕೂ ಸೀರೆಗೂ ಉಜ್ಜಿಕೊಳ್ಳುವುದು ಕುಚ್ಚೇ ಹೊರತು ಕೂದಲಲ್ಲ. ತುರುಬು ಕಟ್ಟಿದರಂತೂ ತುದಿ ಗರ್ಭಗುಡಿಯೊಳಗೆ ಸೇರಿದಂತೆಯೇ. ಇಂದಿನ ರಬ್ಬರ್ ಬ್ಯಾಂಡು ಇದಕ್ಕೆ ವಿರುದ್ಧ. ಅದು ಸುತ್ತಿದಲ್ಲಿ ಎಳೆಗಳನ್ನು ಕೊಯ್ಯುತ್ತದೆ, ಬಿಚ್ಚುವಾಗ ಕಿತ್ತುಕೊಂಡೇ ಬರುತ್ತದೆ.

ಮೊಮ್ಮಗಳ ಪಾರ್ಲರಿನ ಆಸೆಯ ವಿಷಯಕ್ಕೆ ಬರೋಣ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಲಂಡನ್ನಿನಲ್ಲಿ ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕೇಶಶಿಲ್ಪಿ, ನೇರ ಕೂದಲಿನವರಿಗೆ ಗುಂಗುರು ತರುವ ಯಂತ್ರವನ್ನು ರೂಪಿಸಿದನು. ಕಾದ ಲೋಹದ ಸುರುಳಿಗಳಿಗೆ ಕೂದಲನ್ನು ಸುತ್ತಿಸಿಕೊಂಡು ಗಂಟೆಗಟ್ಟಲೆ ಕುಳಿತವರು ಎಷ್ಟೋ ಮಂದಿ. ಇಂದು ಹುಟ್ಟುಗುಂಗುರಿನವರು ನೆಟ್ಟಗಾಗಲು ಕುಳಿತುಕೊಳ್ಳುತ್ತಿದ್ದಾರೆ. ಕಾದ ಇಸ್ತ್ರಿ ಕೂದಲಿನ ತೇವವನ್ನೂ ಅಂದವನ್ನೂ ಒಟ್ಟಿಗೆ ಹಾರಿಸುತ್ತದೆ. ತಿಂಗಳುಗಟ್ಟಲೆ ನೆಟ್ಟಗೆ ನಿಲ್ಲಿಸುವ ಕೆಲವು ದ್ರಾವಣಗಳಿಂದ ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಅನಿಲ ಹೊರಡುತ್ತದೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ವರ್ಗೀಕರಿಸಿತು. ಅದಕ್ಕೆ ಬದಲಾಗಿ ಬಂದ ಗ್ಲೈಆಕ್ಸಿಲಿಕ್ ಆಮ್ಲದ ದ್ರಾವಣಗಳನ್ನು ಬಳಸಿದವರಲ್ಲಿ ಕೆಲವರಿಗೆ ಮೂತ್ರಪಿಂಡಕ್ಕೆ ಹಾನಿಯಾದುದನ್ನು ವೈದ್ಯರು ಈಚಿನ ವರ್ಷಗಳಲ್ಲಿ ವರದಿ ಮಾಡಿದ್ದಾರೆ. ಮದುವೆಯ ಒಂದು ಫೋಟೋಗೆ ಇದು ದುಬಾರಿ ಬೆಲೆ.

ಆದರೂ ಮೊಮ್ಮಗಳ ಮಾತಿನಲ್ಲಿ ಒಂದು ಸತ್ಯವಿದೆ. ಈಗಾಗಲೇ ಸೀಳಿದ ತುದಿ ಎಣ್ಣೆಯಿಂದ ಕೂಡಿಕೊಳ್ಳುವುದಿಲ್ಲ. ಲೋಳೆಯಾಗಲಿ ಕ್ರೀಮಾಗಲಿ ಒಂದೆರಡು ದಿನ ಅದನ್ನು ಅಂಟಿಸಿದಂತೆ ತೋರಿಸಬಹುದು, ಅಷ್ಟೆ. ಬಿಟ್ಟರೆ ಸೀಳು ಮೇಲೇರುತ್ತ ಹೋಗುತ್ತದೆ. ಇದಕ್ಕೆ ಮದ್ದು ಒಂದೇ: ಹರಿತವಾದ ಕತ್ತರಿಯಿಂದ, ಸೀಳಿಗಿಂತ ಅರ್ಧ ಅಂಗುಲ ಮೇಲೆ ಕತ್ತರಿಸುವುದು, ಬಳಿಕ ಮೂರು ನಾಲ್ಕು ತಿಂಗಳಿಗೊಮ್ಮೆ ತುದಿಯನ್ನು ನೋಡಿಕೊಳ್ಳುತ್ತಿರುವುದು.

ಇಲ್ಲಿಗೆ ಅಜ್ಜಿಯ ಕೈ ನಿಂತುಬಿಡುತ್ತದೆ. ಹೆಣ್ಣುಮಗಳ ಜಡೆಗೆ, ಅದೂ ಮದುವೆಯ ಮನೆಯಲ್ಲಿ, ಕತ್ತರಿಯೆ? ಈ ಅಂಜಿಕೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಅದರ ಹಿಂದಿನ ನೋವನ್ನು ಮರೆಯುವುದು ಸರಿಯಲ್ಲ. ಗಂಡ ಸತ್ತ ಹೆಣ್ಣಿನ, ಒಮ್ಮೊಮ್ಮೆ ಎಳೆಯ ಬಾಲೆಯ, ತಲೆಯನ್ನು ಬೋಳಿಸಿ ಕೆಂಪು ಸೀರೆ ಉಡಿಸುತ್ತಿದ್ದ ಬ್ರಾಹ್ಮಣ ಮನೆಗಳು ಈ ಸೀಮೆಯಲ್ಲಿ ಎಷ್ಟೋ ಇದ್ದುವು. ತೀರ್ಥಹಳ್ಳಿಯಲ್ಲಿ ಜನಿಸಿದ ಎಂ. ಕೆ. ಇಂದಿರಾ ಅವರು 1976ರಲ್ಲಿ ಪ್ರಕಟಿಸಿದ ‘ಫಣಿಯಮ್ಮ’ ಕಾದಂಬರಿ ಅಂತಹ ಒಬ್ಬಳ ಬಾಳಿನ ಕಥೆ; ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಕತ್ತರಿಯ ಸದ್ದಿನಲ್ಲಿ ಆ ಕಾಲದ ಸದ್ದನ್ನು ಕೇಳುವ ಹಿರಿಯ ಜೀವಗಳು ಇನ್ನೂ ಇರಬಹುದು.

ಆದುದರಿಂದ ಆ ಮನೆಯಲ್ಲಿ ಮೊಮ್ಮಗಳು ಜಗಳವಾಡುವುದಿಲ್ಲವೆಂದು ಭಾವಿಸೋಣ. ಅಜ್ಜಿಯ ಮುಂದೆ ಬೆನ್ನು ಮಾಡಿ ಕುಳಿತು, ಕತ್ತರಿಯನ್ನು ಅಜ್ಜಿಯ ಕೈಗೇ ಕೊಡುತ್ತಾಳೆ. “ಪಾರ್ಲರಿಗೆ ಹೋಗಲ್ಲ ಅಜ್ಜಿ. ನೀನೇ ಒಂದಂಗುಲ ತೆಗೆ. ಆಮೇಲೆ ನೀನು ಹೇಳಿದಷ್ಟು ಎಣ್ಣೆ.” ಅಜ್ಜಿ ಕನ್ನಡಕ ಏರಿಸಿಕೊಂಡು, ಜಡೆಯ ತುದಿಯನ್ನು ಬೆಳಕಿಗೆ ಹಿಡಿದು ಕವಲುಗಳನ್ನು ಒಂದೊಂದಾಗಿ ನೋಡುತ್ತಾಳೆ. “ಅರ್ಧ ಅಂಗುಲ” ಎನ್ನುತ್ತಾಳೆ. ಚೌಕಾಸಿ ಮುಕ್ಕಾಲು ಅಂಗುಲಕ್ಕೆ ನಿಲ್ಲುತ್ತದೆ. ಕತ್ತರಿಸಿದ ಚೂರುಗಳು ದಾಸವಾಳದ ಬುಡಕ್ಕೆ ಗೊಬ್ಬರವಾಗಿ ಹೋಗುತ್ತವೆ. ಒಲೆಯ ಬದಿಯಲ್ಲಿ ಎಣ್ಣೆಯ ಬಟ್ಟಲು ಬೆಚ್ಚಗಾಗುತ್ತಿರುತ್ತದೆ.