ಕೇಳಿ | ‘ಗಟ್ಟಿಗಿತ್ತಿ’ ಅನ್ನೋ ಹೊರೆ

‘ನೀನು ಗಟ್ಟಿಗಿತ್ತಿ, ತಡ್ಕೋತೀಯ’. ಹೊಗಳಿಕೆ ಥರ ಕೇಳಿಸುತ್ತೆ, ಅಲ್ವಾ? ಅಮೆರಿಕದ ಕಪ್ಪು ಮಹಿಳೆಯರಿಗೆ ಇದೇ ಮಾತು ಹೊರೆಯಾಗಿದ್ದು ಹೇಗೆ ಅಂತ ಇವತ್ತು ಹೇಳ್ತೀನಿ.

ಗುಲಾಮಗಿರಿಯ ಕಾಲದಿಂದಲೂ ಅವರು ನೋವು ನುಂಗಿಕೊಂಡೇ ದುಡಿಯಬೇಕಾಯಿತು. ಅಳೋಕೆ ಪುರುಸೊತ್ತಿರಲಿಲ್ಲ, ಆಮೇಲೆ ಅಳದಿರೋದೇ ದೊಡ್ಡ ಗುಣ ಅನ್ನಿಸಿಕೊಂಡಿತು.

ಲೇಖಕಿ ಬೆಲ್ ಹುಕ್ಸ್ ಪಾಠ ಮಾಡ್ತಿದ್ದಾಗ, ಕಪ್ಪು ವಿದ್ಯಾರ್ಥಿನಿಯರು ಒಟ್ಟಿಗೆ ಕೂತು ಮನಸ್ಸು ಬಿಚ್ಚಿ ಮಾತಾಡೋಕೆ ಒಂದು ಗುಂಪು ಶುರುವಾಯಿತು. ಅದರ ಹೆಸರಲ್ಲೇ 1993ರಲ್ಲಿ ಪುಸ್ತಕ ಬಂತು: ‘ಸಿಸ್ಟರ್ಸ್ ಆಫ್ ದಿ ಯಾಮ್’. ಯಾಮ್ ಅಂದ್ರೆ ಗೆಣಸಿನಂಥ ಗಡ್ಡೆ. ಕಪ್ಪು ಜನರ ಒಡನಾಟದ ಗುರುತು. ಗಾಯ ಮಾಡಿದ್ದು ಸಮಾಜ, ಹಾಗಾಗಿ ವಾಸಿಯಾಗೋದೂ ಒಬ್ಬಂಟಿಯಾಗಿ ಅಲ್ಲ ಅನ್ನೋದು ಹುಕ್ಸ್ ವಾದ. ಮೊದಲು ನೋವಿದೆ ಅಂತ ಬಾಯಿಬಿಡಬೇಕು, ಕೇಳೋರು ಪಕ್ಕದಲ್ಲಿರಬೇಕು.

ನಿಮ್ಮ ‘ಗಟ್ಟಿಗಿತ್ತಿ’ ಗೆಳತಿಗೆ ‘ಹೇಗಿದ್ದೀಯ’ ಅಂತ ಕೇಳಿ ಎಷ್ಟು ದಿನವಾಯ್ತು?