ಗೃಹಬಳಕೆಯ ಅನಿಲ ಒಲೆಗಳ ಇಂಧನ ದಕ್ಷತಾ ನಿಯಮಗಳು: ಗ್ರಾಹಕರಿಗೆ ಮಾಹಿತಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗಗಳಲ್ಲಿ ಹೊಸ ಅಡುಗೆ ಅನಿಲ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರು ಹಾಗೂ ಹಳೆಯ ಒಲೆಯನ್ನು ಬದಲಾಯಿಸುವವರು ಒಲೆಯ ದಕ್ಷತೆಗೆ ಸಂಬಂಧಿಸಿದ ನಿಯಮಗಳನ್ನು ಅರಿತಿರುವುದು ಅವಶ್ಯಕ. ಒಲೆಯ ಖರ್ಚು ಒಂದೇ ಸಲದ್ದು; ಸಿಲಿಂಡರಿನ ಖರ್ಚು ಒಲೆ ಇರುವವರೆಗೂ ತಪ್ಪದು.

ಉರಿಯುವ ಅನಿಲದ ಶಾಖದಲ್ಲಿ ಪಾತ್ರೆಗೆ ತಲುಪುವ ಭಾಗವನ್ನು ಉಷ್ಣ ದಕ್ಷತೆ ಎನ್ನಲಾಗುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 4246 ಮಾನಕದ ಪ್ರಕಾರ ಇದು ಕನಿಷ್ಠ ಶೇ. 68 ಇರಬೇಕು. 2020ರ ಗುಣಮಟ್ಟ ನಿಯಂತ್ರಣ ಆದೇಶದಿಂದ ಇಂತಹ ಒಲೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಗಿದೆ. ಗುರುತಿನೊಂದಿಗೆ 'ಸಿಎಂ/ಎಲ್' ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರತಕ್ಕದ್ದು. ಸಂಖ್ಯೆಯಿಲ್ಲದ ಬರಿಯ ಗುರುತನ್ನು ನಂಬಲಾಗದು. ಬ್ಯೂರೋದ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಈ ಸಂಖ್ಯೆಯನ್ನು ಪರಿಶೀಲಿಸಬಹುದು.

ಇದಲ್ಲದೆ, 2001ರ ಇಂಧನ ಸಂರಕ್ಷಣಾ ಅಧಿನಿಯಮದಡಿ 2002ರಲ್ಲಿ ಸ್ಥಾಪಿತವಾದ ಇಂಧನ ದಕ್ಷತಾ ಬ್ಯೂರೋ ಒಲೆಗಳಿಗೂ ನಕ್ಷತ್ರ ಚೀಟಿಯನ್ನು ನಿಗದಿಪಡಿಸಿದೆ. ಆರಂಭದಲ್ಲಿ ತಯಾರಕರ ಇಚ್ಛೆಗೆ ಬಿಡಲಾಗಿದ್ದ ಈ ಚೀಟಿಯನ್ನು 2026ರ ಜನವರಿ 1ರಿಂದ ಕಡ್ಡಾಯಗೊಳಿಸಲಾಗಿದೆ. ನಕ್ಷತ್ರ ಹೆಚ್ಚಿದಷ್ಟೂ ದಕ್ಷತೆ ಹೆಚ್ಚು.

ಶೇ. 68 ಮತ್ತು ಶೇ. 72ರ ನಡುವಿನ ಅಂತರ ಅಲ್ಪವೆಂದು ತೋರಬಹುದು. ಆದರೆ ಅದೇ ಅಡುಗೆಗೆ ಎರಡನೆಯ ಒಲೆಯಲ್ಲಿ ಸುಮಾರು ಶೇ. 5.5ರಷ್ಟು ಅನಿಲ ಕಡಿಮೆ ಸಾಕು. ಅಂದರೆ 14.2 ಕಿ.ಗ್ರಾಂ. ಸಿಲಿಂಡರಿನಲ್ಲಿ ಸುಮಾರು 800 ಗ್ರಾಂ ಉಳಿತಾಯ. 45 ದಿನ ಬರುವ ಸಿಲಿಂಡರು ಎರಡೂವರೆ ದಿನ ಹೆಚ್ಚು ಬರುತ್ತದೆ. ಈ ದಕ್ಷತೆಯನ್ನು ಅಳೆಯುವುದು ಪಾತ್ರೆಯಲ್ಲಿ ನೀರು ಕಾಯಿಸಿ, ಹಂಚಿನ ಮೇಲೆ ಜೋಳದ ರೊಟ್ಟಿ ಬೇಯಿಸಿ ಅಲ್ಲ. ಆದುದರಿಂದ ಮನೆಯ ಉಳಿತಾಯ ಚೀಟಿಯ ಲೆಕ್ಕಕ್ಕೆ ಯಥಾವತ್ತಾಗಿ ಹೊಂದಬೇಕೆಂದಿಲ್ಲ.

ಈಗಾಗಲೇ ಮನೆಯಲ್ಲಿರುವ ಒಲೆಯನ್ನು ಈ ನಿಯಮಗಳ ಕಾರಣಕ್ಕೆ ಬದಲಾಯಿಸಬೇಕಾಗಿಲ್ಲ. ಅವು ತಯಾರಿಕೆ ಮತ್ತು ಮಾರಾಟಕ್ಕೆ ಅನ್ವಯಿಸುತ್ತವೆ. ಆದರೆ ಉತ್ತಮ ಒಲೆಯೂ ಆರೈಕೆಯಿಲ್ಲದೆ ದಕ್ಷತೆ ಕಳೆದುಕೊಳ್ಳುತ್ತದೆ. ರೊಟ್ಟಿಯ ಒಣಹಿಟ್ಟು ಬರ್ನರಿನ ರಂಧ್ರಗಳಲ್ಲಿ ಕೂಡಿಕೊಳ್ಳುವುದು ಈ ಭಾಗದ ಮನೆಗಳಲ್ಲಿ ಸಹಜ. ಜ್ವಾಲೆ ನೀಲಿಯಾಗಿರದೆ ಹಳದಿಯಾಗಿ ಪಾತ್ರೆಯ ತಳ ಮಸಿಯಾದರೆ, ಬರ್ನರನ್ನು ಆರಿದ ಮೇಲೆ ತೆಗೆದು ಬ್ರಷ್‌ನಿಂದ ಸ್ವಚ್ಛಗೊಳಿಸತಕ್ಕದ್ದು. ಜೆಟ್ಟನ್ನು ಸೂಜಿಯಿಂದ ಅಗಲಿಸಬಾರದು. ಅದರಿಂದ ಅನಿಲ ಹೆಚ್ಚು ವ್ಯಯವಾಗುವುದಲ್ಲದೆ ಅಪಾಯವೂ ಉಂಟು. ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಒಲೆ, ನೆಲದ ಮೇಲೆ ಸಿಲಿಂಡರು ಎಂಬ ರೂಢಿ ಸರಿಯಾದುದೇ, ಏಕೆಂದರೆ ಒಲೆ ಸಿಲಿಂಡರಿಗಿಂತ ಮೇಲ್ಮಟ್ಟದಲ್ಲಿರಬೇಕು.

ಹೊಸ ಸಂಪರ್ಕ ಪಡೆಯುವಾಗ ವಿತರಕರಿಂದಲೇ ಒಲೆ ಕೊಳ್ಳಬೇಕೆಂಬ ನಿಬಂಧನೆ ಇಲ್ಲ. ಐಎಸ್ಐ ಗುರುತಿನ ಒಲೆಯನ್ನು ಯಾವ ಅಂಗಡಿಯಿಂದಲಾದರೂ ಖರೀದಿಸಬಹುದು. 2021ರ ಆಗಸ್ಟ್‌ನಲ್ಲಿ ಆರಂಭವಾದ ಉಜ್ವಲಾ 2.0 ಅಡಿ ಅರ್ಹ ಮಹಿಳೆಯರಿಗೆ ಠೇವಣಿರಹಿತ ಸಂಪರ್ಕದೊಂದಿಗೆ ಮೊದಲ ಸಿಲಿಂಡರು ಮತ್ತು ಒಲೆಯನ್ನು ಉಚಿತವಾಗಿ ನೀಡಲಾಗುತ್ತದೆ. ಅರ್ಜಿಗೆ ಆಧಾರ್, ಪಡಿತರ ಚೀಟಿ ಮತ್ತು ಬ್ಯಾಂಕ್ ಖಾತೆಯ ವಿವರ ಬೇಕು. ಕೆಲಸಕ್ಕಾಗಿ ವಲಸೆ ಬಂದ ಕುಟುಂಬಗಳು ವಿಳಾಸಕ್ಕೆ ಸ್ವಯಂ ಘೋಷಣೆ ಸಲ್ಲಿಸಬಹುದು.

ಒಲೆ ಖರೀದಿಸಲು ಒತ್ತಾಯಿಸಿದಲ್ಲಿ ಅಥವಾ ಗುರುತಿಲ್ಲದ ಒಲೆ ಮಾರಿದಲ್ಲಿ ರಸೀದಿಯೊಂದಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಅನಿಲ ಸೋರಿಕೆಯಾದಲ್ಲಿ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ವಿದ್ಯುತ್ ಸ್ವಿಚ್ ಮುಟ್ಟದೆ ಹೊರಬಂದು 1906ಕ್ಕೆ ಕರೆ ಮಾಡತಕ್ಕದ್ದು.